ಕತ್ತಿನ ನರ ಒತ್ತಿದಾಗ

ಗಲ್ಲಾದಲ್ಲಿ ಕುಳಿತು ಪಾರ್ಸೆಲ್ ಆರ್ಡರು ಬರೆಯುವಾಗ ಫೋನನ್ನು ಕಿವಿ ಹೆಗಲಿನ ನಡುವೆ ಸಿಕ್ಕಿಸಿಕೊಳ್ಳುವ ಅಭ್ಯಾಸ ನಮ್ಮ ಹೋಟೆಲಿನವರಲ್ಲಿ ಹಲವರಿಗೆ ಉಂಟು. ನಮಗೂ ಇತ್ತು. ಒಂದು ಬೆಳಿಗ್ಗೆ ಬಲ ಹೆಗಲಿನಿಂದ ಹೆಬ್ಬೆರಳಿನವರೆಗೆ ಕರೆಂಟು ಹೊಡೆದಂತಾಯಿತು. ಬೆರಳು ಜೋಮು; ಚಿಲ್ಲರೆ ಒಂದೋ ಎರಡೋ ತಿಳಿಯದು. ವಾಯು ಎಂದುಕೊಂಡು ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿದೆವು. ನೋವು ಇಮ್ಮಡಿಯಾಯಿತು. ಯಾರೂ ಆ ತಪ್ಪು ಮಾಡಬಾರದು.

ಡಾಕ್ಟರು ತಿಳಿಸಿದ್ದು ಹೀಗೆ: ಕತ್ತಿನಲ್ಲಿ 7 ಎಲುಬು, ನಡುವೆ ಮೆತ್ತೆಯಂತಹ ಡಿಸ್ಕ್. ಅದು ಉಬ್ಬಿದರೆ, ಅಥವಾ ವಯಸ್ಸಾಗಿ ಎಲುಬು ಬೆಳೆದರೆ, ಪಕ್ಕದ ನರ ಒತ್ತಿಹೋಗುತ್ತದೆ. ನೋವು ಕೈಯಲ್ಲಿ, ಕಾರಣ ಕತ್ತಿನಲ್ಲಿ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಕಡಿಮೆಯಾಗುತ್ತದೆ. ಮಾತ್ರೆ, ಆಮೇಲೆ ಫಿಸಿಯೊಥೆರಪಿ. ಹಾಸಿಗೆ ಹಿಡಿದು ಮಲಗುವುದು ಬೇಡ. ಆದರೆ ಕೈಬಲ ಕುಗ್ಗುತ್ತಾ ಹೋದರೆ, ನಡಿಗೆ ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕು ವಾರ ಗಲ್ಲಾ ಮಗನಿಗೆ ಬಿಟ್ಟೆವು. (ಅವನು ನಮಗಿಂತ ಬೇಗ ಲೆಕ್ಕ ಮುಗಿಸುತ್ತಾನೆ, ಅದು ಬೇರೆ ಮಾತು.) ಬಿಲ್ಲಿಂಗ್ ಕಂಪ್ಯೂಟರನ್ನು ಕಣ್ಣಿನ ಮಟ್ಟಕ್ಕೆ ಏರಿಸಿದೆವು, ಫೋನಿಗೆ ಇಯರ್‌ಫೋನ್ ಹಾಕಿದೆವು. ಹತ್ತನೆಯ ವಾರ ಬೆರಳಿಗೆ ಚಿಲ್ಲರೆ ತಿಳಿಯತೊಡಗಿತು. ಈಗ ನಮ್ಮಲ್ಲಿ ಸಾಂಬಾರಿನ ಹಂಡೆಯನ್ನು ಒಬ್ಬನೇ ಎತ್ತಲು ಯಾವ ಹುಡುಗನಿಗೂ ಬಿಡುವುದಿಲ್ಲ.