ವಿಪತ್ತಿನ ವೇಳೆಯಲ್ಲಿ ಹವ್ಯಾಸಿ ರೇಡಿಯೋ

2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ದ್ವೀಪದ ಬಳಿ ಸಂಭವಿಸಿದ ಭೂಕಂಪ ಹಾಗೂ ಅದರ ಬೆನ್ನಿಗೇ ಬಂದ ಸುನಾಮಿಯಿಂದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ವಿದ್ಯುತ್ ಹಾಗೂ ದೂರವಾಣಿ ವ್ಯವಸ್ಥೆ ಅಸ್ತವ್ಯಸ್ತಗೊಂಡಿತು. ಶ್ರೀ ವಿಜಯಪುರಂ ಎಂದು ಈಗ ಹೆಸರು ಪಡೆದಿರುವ ಪೋರ್ಟ್ ಬ್ಲೇರ್‌ನಲ್ಲಿ ಆಗ ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿ ರೇಡಿಯೋ ತಂಡವೊಂದು ಬೀಡುಬಿಟ್ಟಿತ್ತು. ಜಗತ್ತಿನ ಇತರ ಹವ್ಯಾಸಿಗಳೊಡನೆ ಆ ದ್ವೀಪಗಳಿಂದ ಸಂಪರ್ಕ ಸಾಧಿಸುವುದಷ್ಟೇ ಅವರ ಉದ್ದೇಶವಾಗಿತ್ತು. ಆ ದಿನದಿಂದ ಅದೇ ಉಪಕರಣಗಳು ಪರಿಹಾರ ಕಾರ್ಯಕ್ಕೆ ಮೀಸಲಾದವು. ಬಂಧುಗಳ ಸುಳಿವು ಕಾಣದೆ ಕಾತರಿಸುತ್ತಿದ್ದ ಕುಟುಂಬಗಳ ವಿಚಾರಣೆಗಳು ದ್ವೀಪಗಳನ್ನು ತಲುಪಿದವು. ಕ್ಷೇಮವಾರ್ತೆಗಳು ಮರಳಿ ಬಂದವು. ತೀವ್ರ ಹಾನಿಗೊಳಗಾದ ಕಾರ್ ನಿಕೋಬಾರ್‌ನಲ್ಲಿಯೂ ಸ್ವಯಂಸೇವಕರು ಕೇಂದ್ರ ತೆರೆದರು.

ದೂರವಾಣಿಯು ವಿನಿಮಯ ಕೇಂದ್ರ, ಗೋಪುರ, ಕೇಬಲ್ ಮತ್ತು ವಿದ್ಯುತ್ತನ್ನು ಅವಲಂಬಿಸಿದೆ. ಇವುಗಳಲ್ಲೊಂದು ಕೆಟ್ಟರೂ ಮಾತು ನಿಲ್ಲುತ್ತದೆ. ಎಲ್ಲವೂ ಸುಸ್ಥಿತಿಯಲ್ಲಿದ್ದಾಗಲೂ ಎಲ್ಲರೂ ಏಕಕಾಲಕ್ಕೆ ಕರೆ ಮಾಡಿದರೆ ಮಾರ್ಗ ಸಿಗದು. ಹವ್ಯಾಸಿಯ ರೇಡಿಯೋಗಾದರೋ ಮೋಟಾರು ವಾಹನದ 12 ವೋಲ್ಟ್ ಬ್ಯಾಟರಿ ಮತ್ತು ಎರಡು ಮರಗಳ ನಡುವೆ ಬಿಗಿದ ತಂತಿ ಸಾಕು. ಅದರ ಕಿರುತರಂಗಗಳು ವಾತಾವರಣದ ಮೇಲ್ಭಾಗದ ಅಯಾನುಗೋಳದಿಂದ ಮರಳಿ ಬಾಗಿ, ಸಾವಿರಾರು ಕಿಲೋಮೀಟರ್ ದೂರದ ಭೂಮಿಗೆ ಇಳಿಯುತ್ತವೆ. ಆದರೆ ಹಗಲಿಗೆ ಒದಗುವ ಆವರ್ತನ ಇರುಳಿಗೆ ಒದಗದಿರಬಹುದು. ಯಾವ ಹೊತ್ತಿಗೆ ಯಾವುದು ಸಲ್ಲುವುದೆಂಬ ತಿಳಿವಳಿಕೆ ನಿತ್ಯಾಭ್ಯಾಸದಿಂದಲೇ ಬರತಕ್ಕದ್ದು. ಹವ್ಯಾಸವೆಂಬ ಮಾತು ಹಗುರವೆನಿಸೀತು; ಬಿಡುವಿನ ವೇಳೆಯ ಈ ಸಾಧನೆಯೇ ಅಂದು ನೆರವಿಗೆ ಬಂದಿತು.

ಈ ರೇಡಿಯೋ ಬಳಸಲು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು ಅವಶ್ಯಕ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯು ಈ ಕ್ಷೇತ್ರದಲ್ಲಿ ತರಬೇತಿ ನೀಡುತ್ತ ಬಂದಿದೆ. ಸ್ವಯಂಸೇವಕರು ಸಂದೇಶ ರವಾನೆಗೆ ಹಣ ಪಡೆಯುವಂತಿಲ್ಲ. ವ್ಯಾಪಾರದ ಸಂದೇಶಗಳಿಗೂ ಇಲ್ಲಿ ಅವಕಾಶವಿಲ್ಲ.

ಸಂದೇಶ ಕೊಡುವ ಸಾರ್ವಜನಿಕರು ಅರಿತಿರಬೇಕಾದ ಒಂದೆರಡು ಸಂಗತಿಗಳಿವೆ. ಹುಡುಕಬೇಕಾದವರ ಪೂರ್ಣ ಹೆಸರು, ವಯಸ್ಸು, ಕೊನೆಯದಾಗಿ ಇದ್ದ ಸ್ಥಳ ಮತ್ತು ಉತ್ತರ ತಲುಪಬೇಕಾದ ವಿಳಾಸವನ್ನು ಸ್ಫುಟವಾಗಿ ಬರೆದುಕೊಡಬೇಕು. “ನಮ್ಮ ಅಣ್ಣ ಹೇಗಿದ್ದಾನೆ” ಎಂದಷ್ಟೇ ಹೇಳಿದರೆ ಅತ್ತಣ ಕಾರ್ಯಕರ್ತರಿಗೆ ಹುಡುಕುವ ದಾರಿಯೇ ಇರದು. ರೇಡಿಯೋ ಮಾತನ್ನು ಯಾರು ಬೇಕಾದರೂ ಕೇಳಬಹುದಾದ್ದರಿಂದ ಗೋಪ್ಯ ವಿಷಯಗಳನ್ನು ಸೇರಿಸಬಾರದು. ಉತ್ತರ ತಡವಾಯಿತೆಂದು ಅದೇ ವಿಚಾರಣೆಯನ್ನು ಹಲವರ ಮೂಲಕ ಕಳುಹಿಸುವುದೂ ತರವಲ್ಲ. ಒಬ್ಬರನ್ನೇ ನಾಲ್ವರು ಹುಡುಕುತ್ತಿರುವಾಗ ಮತ್ತೊಂದು ಮನೆಯವರ ಸಂದೇಶ ಸರದಿಯಲ್ಲೇ ಉಳಿಯುತ್ತದೆ.