ಎಪಿಕ್ಟೆಟಸನ ವಿವೇಕ ಮತ್ತು ಹಾನಗಲ್ಲ ಗುರುವಿನ ಕಾರುಣ್ಯ

ಚೆನ್ನಾಗಿ ಬಾಳುವುದೆಂದರೇನು? ಈ ಪ್ರಶ್ನೆಯು ಎಲ್ಲ ದೇಶಗಳ ಜ್ಞಾನಿಗಳನ್ನೂ ಕಾಡಿದೆ. ಗ್ರೀಕ್ ತತ್ತ್ವಜ್ಞಾನಿಗಳಲ್ಲಿ ಇದಕ್ಕೆ ಸರಳವಾದ ಉತ್ತರವನ್ನು ಕೊಟ್ಟವನು ಎಪಿಕ್ಟೆಟಸ್. ಕ್ರಿ.ಶ. 50ರ ಸುಮಾರಿಗೆ, ಇಂದು ತುರ್ಕಿ ದೇಶಕ್ಕೆ ಸೇರಿದ ಹಿಯರಾಪೊಲಿಸ್ ನಗರದಲ್ಲಿ ಹುಟ್ಟಿದ ಈತನು ರೋಮಿನಲ್ಲಿ ಗುಲಾಮನಾಗಿದ್ದನು. ಸಾಲದುದಕ್ಕೆ ಕಾಲು ಕುಂಟು. ಗುಲಾಮನಾಗಿದ್ದಾಗಲೇ ಮುಸೋನಿಯಸ್ ರೂಫಸನೆಂಬ ಗುರುವಿನಿಂದ ತತ್ತ್ವವನ್ನು ಕಲಿತನು. ಬಿಡುಗಡೆ ಹೊಂದಿದ ಮೇಲೆ, ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನು ಹೊರಗಟ್ಟಿದಾಗ, ಗ್ರೀಸಿನ ನಿಕೊಪೊಲಿಸಿಗೆ ಹೋಗಿ ಅಲ್ಲಿ ಪಾಠ ಹೇಳುತ್ತಿದ್ದನು. ತಾನಾಗಿ ಗ್ರಂಥವನ್ನು ಬರೆಯಲಿಲ್ಲ. ಶಿಷ್ಯನಾದ ಆರಿಯನ್ನನು ಬರೆದಿಟ್ಟ ಗುರುವಿನ ಮಾತುಗಳೇ ನಮಗೆ ಉಳಿದಿವೆ.

ಆ ಬೋಧೆಯ ತಿರುಳು ಒಂದೇ: ನಮ್ಮ ಅಧೀನದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ವಿವೇಕ. ದೇಹ, ಸಂಪತ್ತು, ಪದವಿ, ಪರರ ಹೊಗಳಿಕೆ ಇವು ನಮ್ಮ ಕೈಯೊಳಗಿಲ್ಲ. ನಮ್ಮ ಎಣಿಕೆ, ಇಚ್ಛೆ, ಸಂಕಲ್ಪಗಳು ಮಾತ್ರ ನಮ್ಮವು. ನಮ್ಮದಲ್ಲದುದನ್ನು ನಮ್ಮದೆಂದು ಹಿಡಿಯಹೋದವನು ದುಃಖಕ್ಕೆ ಈಡಾಗುವನು. ಊನವು ಅಂಗಕ್ಕೆ ತಟ್ಟಬಹುದು. ನಾವೇ ಬಾಗಿಲು ತೆರೆಯದೆ ಅದು ಅಂತರಂಗವನ್ನು ಹೊಗಲಾರದು ಎಂಬುದು ಆ ಕುಂಟ ಗುರುವಿನ ನಿಲುವು. ಮಳೆಯನ್ನು ನಂಬಿ ಬಿತ್ತುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದವರಿತು ಬಿತ್ತುವುದು ಅವನದು, ಮೋಡ ಅವನದಲ್ಲ.

ಆದರೆ ಈ ವಿವೇಕದಲ್ಲಿ ಒಂದು ಅಪಾಯವೂ ಅಡಗಿದೆ. ತನ್ನ ಕಷ್ಟಕ್ಕೆ ಔಷಧವಾಗುವ ಮಾತು ಪರರ ಕಷ್ಟದೆದುರು ನೆಪವಾಗಬಹುದು. ನಾನು ಶಿಕ್ಷಕನಾಗಿದ್ದಾಗ ಕಣ್ಣು ಮಂಜಾದ ಬಾಲಕನೊಬ್ಬನು ತರಗತಿಗೆ ಬರುತ್ತಿದ್ದನು. "ಪಡೆದು ಬಂದದ್ದನ್ನು ಸಹಿಸಬೇಕಪ್ಪಾ" ಎಂದು ಸಮಾಧಾನ ಹೇಳಿ, ಅವನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆನು. ವರ್ಷ ತುಂಬುವ ಮೊದಲೇ ಅವನು ಶಾಲೆಯನ್ನು ಬಿಟ್ಟನು. ಅವನ ಕಣ್ಣು ನನ್ನ ಅಧೀನದಲ್ಲಿರಲಿಲ್ಲ, ನಿಜ. ಪಾಠವನ್ನು ಅವನ ಕಿವಿಗೆ ಓದಿ ಹೇಳುವುದು ನನ್ನ ಅಧೀನದಲ್ಲಿತ್ತಲ್ಲವೇ?

ಇಂತಹ ಪ್ರಸಂಗದಲ್ಲಿ ಮಾಡಬೇಕಾದುದೇನೆಂಬುದನ್ನು ಪೂಜ್ಯ ಹಾನಗಲ್ಲ ಕುಮಾರ ಸ್ವಾಮಿಗಳು (1867-1930) ನಮ್ಮ ನಾಡಿನಲ್ಲಿಯೇ ತೋರಿಸಿಕೊಟ್ಟಿದ್ದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೂ ಅವನ ಅಣ್ಣನೂ ಹುಟ್ಟುಕುರುಡರು. ಶ್ರೀಗಳು ಅವರ ಕಣ್ಣನ್ನು ನೋಡಲಿಲ್ಲ, ಕಂಠವನ್ನು ಕೇಳಿದರು. ಬಾಲಕರನ್ನು ಕರೆತಂದು ಸಂಗೀತ ಕಲಿಸುವ ಹೊಣೆಯನ್ನು ತಾವೇ ಹೊತ್ತರು. 1909ರಲ್ಲಿ ಮಲಪ್ರಭೆಯ ತಟದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಆ ಕರ್ಮಯೋಗಿಗೆ ಕೆಲಸಗಳು ಕಡಿಮೆ ಇರಲಿಲ್ಲ. ಆದರೂ ಕುರುಡು ಮಕ್ಕಳ ಶಿಕ್ಷಣವನ್ನು ಅವರು ಮರೆಯಲಿಲ್ಲ. ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿ, ಅಂಧರಿಗೂ ಅನಾಥರಿಗೂ ಅನ್ನವನ್ನೂ ಸಂಗೀತವನ್ನೂ ನೀಡುತ್ತ ಊರೂರು ಸಂಚರಿಸಿ, ಕಡೆಗೆ ಗದಗಿನಲ್ಲಿ ನೆಲೆನಿಂತು 1944ರಲ್ಲಿ ಲಿಂಗೈಕ್ಯರಾದರು. ಅವರು ಸಾಕಿ ಬೆಳೆಸಿದ ಪುಟ್ಟರಾಜ ಗವಾಯಿಗಳೂ (1914-2010) ಹಾನಗಲ್ಲ ಸೀಮೆಯವರೇ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದಾಸೋಹವು ಇಂದಿಗೂ ನಡೆದಿದೆ.

ಇಲ್ಲಿ ಎರಡು ಬಗೆಯ ವಿವೇಕವನ್ನು ಕಾಣಬೇಕು. ಕಾಣದ ಕಣ್ಣಿಗಾಗಿ ಕೊರಗದೆ ಇದ್ದ ಕಂಠವನ್ನು ಸಾಧಿಸಿದ್ದು ಶಿಷ್ಯನ ವಿವೇಕ. ಇದನ್ನು ಎಪಿಕ್ಟೆಟಸನು ತನ್ನದೆಂದೇ ಒಪ್ಪುತ್ತಿದ್ದನು. ಮತ್ತೊಬ್ಬನ ಕುರುಡುತನದೆದುರು "ನನ್ನಿಂದ ಆಗುವುದೇನು?" ಎಂದು ಕೇಳಿಕೊಂಡದ್ದು ಗುರುವಿನ ವಿವೇಕ. ಶರಣರು ಕಾಯಕದೊಡನೆ ದಾಸೋಹವನ್ನು ಬೆಸೆದುದರ ಮರ್ಮವು ಇದೇ ಆಗಿದೆ.

ಗ್ರೀಕ್ ಗುರುವೂ ಇದನ್ನು ಅರಿಯದವನಲ್ಲ. ಅವನ ಬೋಧೆಗೆ ವ್ಯಾಖ್ಯಾನ ಬರೆದ ಸಿಂಪ್ಲಿಕಿಯಸನು ಒಂದು ಸಂಗತಿಯನ್ನು ಹೇಳಿದ್ದಾನೆ. ಬಹುಕಾಲ ಏಕಾಕಿಯಾಗಿ ಬಾಳಿದ ಎಪಿಕ್ಟೆಟಸನು ಮುಪ್ಪಿನಲ್ಲಿ, ಬಡತನದಿಂದಾಗಿ ತೊರೆಯಲಿದ್ದ ಸ್ನೇಹಿತನ ಶಿಶುವನ್ನು ಮನೆಗೆ ತಂದು ಸಾಕಿದನಂತೆ. ಲೋಕದ ಬಡತನವನ್ನು ನೀಗುವುದು ಅವನ ಕೈಯಲ್ಲಿರಲಿಲ್ಲ. ಒಂದು ಮಗುವನ್ನು ಎತ್ತಿಕೊಳ್ಳುವುದು ಇತ್ತು.

ಆದುದರಿಂದ ವಾಚಕರು ತಮ್ಮ ದುಃಖವನ್ನು ಅಳೆಯುವಾಗ "ಇದು ನನ್ನದಲ್ಲ" ಎಂಬ ಗೆರೆಯನ್ನು ಧೈರ್ಯವಾಗಿ ಎಳೆಯಲಿ. ಪರರ ದುಃಖವನ್ನು ಅಳೆಯುವಾಗ ಮಾತ್ರ ಆ ಗೆರೆಯನ್ನು ಅವಸರದಿಂದ ಎಳೆಯದಿರಲಿ. ನನ್ನ ಶಾಲೆಯನ್ನು ಬಿಟ್ಟುಹೋದ ಆ ಬಾಲಕನು ನನಗೆ ತಡವಾಗಿ ಕಲಿಸಿದ ಪಾಠವಿದು.