‘ಬಹುದು’, ‘ಬೇಕು’, ‘ಕೂಡದು’: ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳ ಅಭ್ಯಾಸ

೧

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗನು ಮನೆಯಲ್ಲಿ ಕನ್ನಡವನ್ನೂ, ನೆರೆಹೊರೆಯಲ್ಲಿ ಮರಾಠಿ, ತಮಿಳು, ತೆಲುಗು, ಹಿಂದಿಗಳಲ್ಲಿ ಒಂದನ್ನೂ, ಕಚೇರಿಯಲ್ಲಿ ಇಂಗ್ಲಿಷನ್ನೂ ಬಳಸುವುದು ಸರ್ವವಿದಿತವಾದ ಸಂಗತಿ. ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದಗಳು ಅವನನ್ನು ಅಷ್ಟಾಗಿ ಕಾಡುವುದಿಲ್ಲ. ನಿಘಂಟನ್ನು ತೆರೆದರೆ ಅವುಗಳ ಅರ್ಥ ದೊರೆಯುತ್ತದೆ. ಕಾಡುವವು ಚಿಕ್ಕ ಶಬ್ದಗಳು: ಕ್ಯಾನ್, ಕುಡ್, ಮೇ, ಮೈಟ್, ಮಸ್ಟ್, ಶಲ್, ಶುಡ್, ಆಟ್, ನೀಡ್. ಮುಖ್ಯ ಕ್ರಿಯಾಪದಕ್ಕೆ ಮೊದಲು ಬಂದು ಅದಕ್ಕೆ ಸಾಮರ್ಥ್ಯ, ಸಂಭವ, ಕರ್ತವ್ಯ, ಅನುಮತಿ ಎಂಬ ನಾಲ್ಕು ಭಾವಗಳನ್ನು ಕೊಡುವ ಸಹಾಯಕ ಕ್ರಿಯಾಪದಗಳಿವು.

ಶಾಲೆಯಲ್ಲಿ ಇವುಗಳಿಗೆ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ರೂಢಿ. ಕ್ಯಾನ್ ಎಂದರೆ ‘ಬಲ್ಲ’, ಮೇ ಎಂದರೆ ‘ಬಹುದು’, ಮಸ್ಟ್ ಎಂದರೆ ‘ಬೇಕು’. ಪಟ್ಟಿ ತಪ್ಪೇನೂ ಅಲ್ಲ. ಆದರೆ ವಾಕ್ಯವು ವರ್ತಮಾನಕಾಲದಲ್ಲಿದ್ದು, ವಿಧಿರೂಪದಲ್ಲಿ ಇರುವವರೆಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ವಾಕ್ಯವನ್ನು ನಿಷೇಧಕ್ಕೆ ಅಥವಾ ಭೂತಕಾಲಕ್ಕೆ ತಿರುಗಿಸಿದೊಡನೆ ಪಟ್ಟಿ ಕೈಕೊಡುತ್ತದೆ. ಆದುದರಿಂದ ಈ ಪದಗಳನ್ನು ಒಂಟಿಯಾಗಿ ಕಲಿಯದೆ, ನಿಷೇಧರೂಪ ಹಾಗೂ ಭೂತರೂಪಗಳೊಡನೆ ಸೇರಿಸಿ ಕಲಿಯಬೇಕೆಂಬುದನ್ನೂ, ಹಾಗೆ ಕಲಿಯುವಾಗ ಕನ್ನಡವೇ ಒಳ್ಳೆಯ ಒರೆಗಲ್ಲಾಗುತ್ತದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಈ ಶಬ್ದಗಳ ಮೂಲವನ್ನು ಗಮನಿಸುವುದು ಉಚಿತ. ಕ್ಯಾನ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ತಿಳಿದಿರು’ ಎಂಬ ಅರ್ಥದ ಧಾತು. ಕನ್ನಡದ ‘ಬಲ್ಲ’ವೂ ಹಾಗೆಯೇ. ‘ಅವನು ಸಂಸ್ಕೃತವನ್ನು ಬಲ್ಲ’ ಎಂದಾಗ ತಿಳಿವು, ‘ಅವನು ಓದಬಲ್ಲ’ ಎಂದಾಗ ಶಕ್ತಿ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳು ತಿಳಿವಿನಿಂದಲೇ ಶಕ್ತಿಗೆ ದಾರಿ ಮಾಡಿಕೊಂಡಿವೆ. ಮೇ ಎಂಬುದರ ಮೂಲಾರ್ಥ ಬಲವುಳ್ಳದ್ದಾಗು ಎಂದು. ಬಲವೆಂಬ ಅರ್ಥದ ಮೈಟ್ ಎಂಬ ನಾಮಪದ ಅದರ ಬಳಗದ್ದೇ. ಶಲ್ ಎಂಬುದರ ಮೂಲಾರ್ಥ ‘ಸಾಲದಲ್ಲಿರು’, ‘ಕೊಡಬೇಕಾಗಿರು’ ಎಂದು. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ಅಪರಾಧಕ್ಕೂ ಹೆಸರಾದ ಶುಲ್ಡ್ ಎಂಬ ಶಬ್ದ ಇದಕ್ಕೆ ಬಂಧು. ಆಟ್ ಎಂಬುದು ಸಾಲವಿರು ಎಂಬರ್ಥದ ಓ ಎಂಬ ಕ್ರಿಯಾಪದದ ಹಳೆಯ ಭೂತರೂಪ. ಕರ್ತವ್ಯವನ್ನು ಇಂಗ್ಲಿಷರು ಮೊದಲಿಗೆ ತೀರಿಸಬೇಕಾದ ಋಣವೆಂದು ಎಣಿಸಿದ್ದರೆಂದಾಯಿತು. ಮಸ್ಟ್ ಎಂಬುದರ ಚರಿತ್ರೆ ಇನ್ನೂ ವಿಚಿತ್ರವಾದುದು: ಅದು ‘ಅನುಮತಿಯಿರು’ ಎಂಬರ್ಥದ ಧಾತುವಿನ ಭೂತರೂಪವಾಗಿದ್ದು, ಕಾಲಕ್ರಮದಲ್ಲಿ ಅನುಮತಿಯಿಂದ ಕಡ್ಡಾಯಕ್ಕೆ ಹೊರಳಿತು.

ಈ ಚರಿತ್ರೆಯೇ ವ್ಯಾಕರಣದ ಒಂದು ತೊಡಕನ್ನೂ ಬಿಡಿಸುತ್ತದೆ. ‘ಅವನು ಹೋಗುತ್ತಾನೆ’ ಎಂಬಲ್ಲಿ ಇಂಗ್ಲಿಷ್ ಕ್ರಿಯಾಪದಕ್ಕೆ ಸಕಾರ ಹತ್ತುತ್ತದೆ. ಕ್ಯಾನ್, ಮೇ, ಮಸ್ಟ್, ಶಲ್‌ಗಳಿಗೆ ಹತ್ತುವುದಿಲ್ಲ. ಇವು ಒಂದು ಕಾಲಕ್ಕೆ ಭೂತರೂಪಗಳಾಗಿದ್ದು, ಅನಂತರ ವರ್ತಮಾನಾರ್ಥವನ್ನು ಪಡೆದವುಗಳಾದುದೇ ಇದಕ್ಕೆ ಕಾರಣ. ಭೂತಕಾಲದ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಸಕಾರ ಸೇರದಷ್ಟೆ.

ಕನ್ನಡದ ಪದಗಳ ಹುಟ್ಟು ಬೇರೆ ಬಗೆಯದು. ‘ಬಹುದು’ ಎಂಬುದು ‘ಬರು’ ಧಾತುವಿನಿಂದ, ಹಳಗನ್ನಡದ ‘ಬರ್ಪುದು’ ಎಂಬ ರೂಪದಿಂದ ಇಳಿದು ಬಂದದ್ದು. ‘ಬಾರದು’ ಅದರ ನಿಷೇಧ. ತೆಲುಗಿನ ‘ಚೇಯವಚ್ಚು’ ಎಂಬುದರಲ್ಲಿರುವ ‘ವಚ್ಚು’ ಕೂಡ ಬರುವುದೆಂಬ ಅರ್ಥದ್ದೇ ಎಂಬುದನ್ನು ಹೈದರಾಬಾದಿನ ಓದುಗರು ಬಲ್ಲರು. ‘ಕೂಡದು’ ಎಂಬುದು ಹೊಂದಿಕೆಯನ್ನು ಹೇಳುವ ‘ಕೂಡು’ವಿನಿಂದ, ‘ತಕ್ಕದ್ದು’ ಎಂಬುದು ಯೋಗ್ಯತೆಯನ್ನು ಹೇಳುವ ‘ತಗು’ವಿನಿಂದ ಬಂದವು. ‘ಬೇಕು’ ಎಂಬುದರಲ್ಲಿ ಬಯಕೆಯೂ ಕರ್ತವ್ಯವೂ ಒಂದಾಗಿವೆ: ‘ನನಗೆ ಹಾಲು ಬೇಕು’, ‘ನಾನು ಹೋಗಬೇಕು’. ಹಿಂದಿಯ ‘ಚಾಹಿಯೆ’, ತಮಿಳಿನ ‘ವೇಂಡುಂ’ ಇವುಗಳಲ್ಲಿಯೂ ಇದೇ ಜೋಡಣೆಯುಂಟು. ಇಂಗ್ಲಿಷಿನಲ್ಲಿ ಮಾತ್ರ ಬಯಕೆಗೆ ವಾಂಟ್, ಕರ್ತವ್ಯಕ್ಕೆ ಮಸ್ಟ್ ಎಂದು ಬೇರೆ ಬೇರೆ.

ಇನ್ನೊಂದು ಭೇದವೂ ಗಮನಾರ್ಹ. ಸಾಮರ್ಥ್ಯವನ್ನು ಹೇಳುವ ಕನ್ನಡ ಪದ ಕರ್ತೃವಿನ ಲಿಂಗವಚನಗಳಿಗೆ ತಕ್ಕಂತೆ ಬದಲಾಗುತ್ತದೆ: ಮಾಡಬಲ್ಲೆ, ಮಾಡಬಲ್ಲಳು, ಮಾಡಬಲ್ಲರು, ಮಾಡಲಾರೆ, ಮಾಡಲಾರಳು, ಮಾಡಲಾರರು. ಅನುಮತಿ, ಕರ್ತವ್ಯಗಳನ್ನು ಹೇಳುವ ಪದ ಬದಲಾಗುವುದಿಲ್ಲ: ನಾನೂ ಮಾಡಬೇಕು, ಅವಳೂ ಮಾಡಬೇಕು, ಅವರೂ ಮಾಡಬಹುದು. ಶಕ್ತಿ ವ್ಯಕ್ತಿಯದು, ವಿಧಿ ಹೊರಗಿನಿಂದ ಬಂದದ್ದು. ಈ ವಿವೇಕ ಕನ್ನಡದ ರಚನೆಯಲ್ಲಿಯೇ ಅಡಕವಾಗಿದೆ. ಇಂಗ್ಲಿಷಿನಲ್ಲಿ ಕ್ಯಾನ್ ಒಂದೇ ಶಕ್ತಿಗೂ ಅನುಮತಿಗೂ ಸಲ್ಲುವುದರಿಂದ ಅರ್ಥವನ್ನು ಸಂದರ್ಭದಿಂದ ಊಹಿಸಬೇಕು. ‘ಅವನು ಈ ಚೆಕ್ಕಿಗೆ ಸಹಿ ಹಾಕಬಲ್ಲ’ ಎಂಬುದು ಕೈಯ ಮಾತು. ‘ಸಹಿ ಹಾಕಬಹುದು’ ಎಂಬುದು ಅಧಿಕಾರದ ಮಾತು. ಇಂಗ್ಲಿಷಿನ ಕ್ಯಾನ್ ಎರಡನ್ನೂ ನುಂಗಿಕೊಳ್ಳುತ್ತದೆ.

ಸಂಭವದ ವಿಷಯದಲ್ಲಿ ಕ್ಯಾನ್, ಮೇಗಳ ನಡುವಣ ಅಂತರ ಸೂಕ್ಷ್ಮವಾದುದು. ಕನ್ನಡ ಅದನ್ನು ಸುಲಭವಾಗಿ ತಿಳಿಸುತ್ತದೆ. ‘ಮುಂಬಯಿಯಲ್ಲಿ ಅಕ್ಟೋಬರಿನಲ್ಲಿ ಸೆಕೆ ಮಿತಿಮೀರುವುದುಂಟು’ ಎಂಬ ಸಾಮಾನ್ಯ ಅನುಭವಕ್ಕೆ ಕ್ಯಾನ್. ‘ನಾಳೆ ಸೆಕೆ ಮಿತಿಮೀರಬಹುದು’ ಎಂಬ ನಿರ್ದಿಷ್ಟ ಊಹೆಗೆ ಮೇ. ‘ಉಂಟು’ ಎಂದು ಹೇಳಲು ಒಪ್ಪುವಲ್ಲಿ ಕ್ಯಾನ್, ಒಪ್ಪದಲ್ಲಿ ಮೇ ಎಂದು ನೆನಪಿಟ್ಟರೆ ಬಹುಮಟ್ಟಿಗೆ ಸಾಕು.

೩

ಕಷ್ಟ ಆರಂಭವಾಗುವುದು ನಿಷೇಧದಲ್ಲಿ. ‘ಕಟ್ಟಬೇಕು’ ಎಂಬುದರ ನಿಷೇಧ ಕನ್ನಡದಲ್ಲಿ ಎರಡು ಬಗೆ. ‘ಕಟ್ಟಬೇಕಾಗಿಲ್ಲ’ ಎಂದರೆ ಕಡ್ಡಾಯ ತಪ್ಪಿತು, ಕಟ್ಟಿದರೆ ಅಡ್ಡಿಯಿಲ್ಲ. ‘ಕಟ್ಟಕೂಡದು’ ಎಂದರೆ ಕಟ್ಟುವುದೇ ನಿಷಿದ್ಧ. ಮಸ್ಟ್ ಎಂದರೆ ‘ಬೇಕು’ ಎಂದು ಮಾತ್ರ ಕಲಿತವನು ‘ಬೇಕಾಗಿಲ್ಲ’ ಎಂಬುದಕ್ಕೆ ಮಸ್ಟ್ ನಾಟ್ ಎಂದು ಬರೆಯುತ್ತಾನೆ. ‘ಈ ತಿಂಗಳು ನೀವು ಕಂತನ್ನು ಕಟ್ಟಬೇಕಾಗಿಲ್ಲ’ ಎಂದು ತಿಳಿಸಹೊರಟ ಪತ್ರವು ‘ಕಟ್ಟಕೂಡದು’ ಎಂದು ಆಜ್ಞಾಪಿಸಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಮಸ್ಟ್ ನಾಟ್ ಎಂಬಲ್ಲಿ ನಿಷೇಧ ತಗಲುವುದು ಕಡ್ಡಾಯಕ್ಕಲ್ಲ, ಕ್ರಿಯೆಗೆ: ಕಟ್ಟದಿರುವುದೇ ಕಡ್ಡಾಯ. ಕಡ್ಡಾಯವನ್ನೇ ತೆಗೆದುಹಾಕಬೇಕಾದರೆ ನೀಡ್ ನಾಟ್ ಎಂದೋ ಡು ನಾಟ್ ಹ್ಯಾವ್ ಟು ಎಂದೋ ಬರೆಯಬೇಕು.

ಮೇ ನಾಟ್ ಎಂಬುದರ ತೊಡಕು ಇದಕ್ಕಿಂತ ಹೆಚ್ಚಿನದು. ಅನುಮತಿಯ ಅರ್ಥದಲ್ಲಿ ಅದು ‘ಬರಕೂಡದು’. ಸಂಭವದ ಅರ್ಥದಲ್ಲಿ ‘ಬರದಿರಬಹುದು’. ಕನ್ನಡದಲ್ಲಿ ಇವೆರಡಕ್ಕೆ ಗೊಂದಲವೇ ಸಾಧ್ಯವಿಲ್ಲ. ಇದರ ಮೇಲೆ ನಮ್ಮ ದೇಶದ ಕಚೇರಿಗಳ ಇಂಗ್ಲಿಷಿನಲ್ಲಿ ಮೇ ಎಂಬುದು ವಿನಯದ ಮುಸುಕಿನ ಆಜ್ಞೆಯಾಗಿ ಬೆಳೆದಿದೆ. ಕಡತದ ಅಂಚಿನಲ್ಲಿ ಮೇಲಧಿಕಾರಿಯು ಮೇ ಬಿ ಪುಟ್ ಅಪ್ ಎಂದು ಬರೆದರೆ ‘ಮಂಡಿಸಬಹುದು’ ಎಂದು ಅರ್ಥವಲ್ಲ. ‘ಮಂಡಿಸತಕ್ಕದ್ದು’ ಎಂದೇ ಅರ್ಥ. ಅದನ್ನು ‘ಬಹುದು’ ಎಂದು ಕನ್ನಡಿಸಿದ ಭಾಷಾಂತರಕಾರನು ಆಜ್ಞೆಯನ್ನು ಸಲಹೆಯಾಗಿಸಿದಂತಾಗುತ್ತದೆ.

ಆಶ್ಚರ್ಯವೆಂದರೆ ಅನುಮಾನದ ಕ್ಷೇತ್ರದಲ್ಲಿ ಎರಡು ಭಾಷೆಗಳೂ ಕೈಕೈ ಹಿಡಿದು ನಡೆಯುತ್ತವೆ. ದೀಪ ಉರಿಯುತ್ತಿದ್ದರೆ ‘ಅವನು ಮನೆಯಲ್ಲಿರಬೇಕು’ ಎನ್ನುತ್ತೇವೆ, ಇಂಗ್ಲಿಷಿನಲ್ಲಿಯೂ ಮಸ್ಟ್. ಬಾಗಿಲಿಗೆ ಬೀಗವಿದ್ದರೆ ‘ಮನೆಯಲ್ಲಿರಲಾರ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ಮಸ್ಟ್ ನಾಟ್ ಅಲ್ಲ, ಕಾಂಟ್. ಇಲ್ಲಿ ಕನ್ನಡಿಗನು ತನ್ನ ಕಿವಿಯನ್ನು ನಂಬಿ ನಡೆದರೆ ಸಾಕು.

೪

ಭೂತಕಾಲದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕ್ರಿಯೆ ನಡೆಯಿತೇ, ಇಲ್ಲವೇ? ‘ಅವನು ದಂಡ ಕಟ್ಟಬೇಕಾಯಿತು’ ಎಂದರೆ ಕಟ್ಟಿದನು. ಇಂಗ್ಲಿಷಿನಲ್ಲಿ ಹ್ಯಾಡ್ ಟು. ‘ಅವನು ಆಗಲೇ ಕಟ್ಟಬೇಕಾಗಿತ್ತು’ ಎಂಬುದು ಸಾಮಾನ್ಯವಾಗಿ ಕಟ್ಟಲಿಲ್ಲವೆಂಬ ಆಕ್ಷೇಪಣೆ. ಇಂಗ್ಲಿಷಿನಲ್ಲಿ ಶುಡ್ ಹ್ಯಾವ್. ‘ಕಟ್ಟಿರಬೇಕು’ ಎಂದರೆ ಊಹೆ, ಮಸ್ಟ್ ಹ್ಯಾವ್. ‘ಕಟ್ಟಿರಬಹುದು’ ಎಂದರೆ ದುರ್ಬಲವಾದ ಊಹೆ, ಮೇ ಹ್ಯಾವ್. ‘ಕಟ್ಟಬಹುದಾಗಿತ್ತು’ ಎಂದರೆ ಅವಕಾಶವಿತ್ತು, ಉಪಯೋಗವಾಗಲಿಲ್ಲ, ಕುಡ್ ಹ್ಯಾವ್. ಕಷ್ಟಪಟ್ಟು ಒಮ್ಮೆ ಸಾಧಿಸಿದ ಕಾರ್ಯಕ್ಕೆ ಕುಡ್ ಎಂಬುದು ಒಪ್ಪುವುದಿಲ್ಲ. ‘ಕೊನೆಗೂ ಕಟ್ಟಲು ಸಾಧ್ಯವಾಯಿತು’ ಎಂಬುದಕ್ಕೆ ವಾಸ್ ಏಬಲ್ ಟು ಎಂದೇ ಹೇಳಬೇಕು. ಹಣಕಾಸಿನ ವ್ಯವಹಾರದಲ್ಲಿ ಕಟ್ಟಿದ್ದಕ್ಕೂ ಕಟ್ಟಬೇಕಾಗಿದ್ದುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಎರಡು ಭಾವಗಳು ಒಟ್ಟಿಗೆ ಬಂದಾಗ ಕನ್ನಡ ಅವುಗಳನ್ನು ಪೋಣಿಸುತ್ತದೆ: ‘ಕಟ್ಟಬೇಕಾಗಬಹುದು’. ಇಂಗ್ಲಿಷಿನ ಶಿಷ್ಟರೂಪದಲ್ಲಿ ಇಂತಹ ಎರಡು ಸಹಾಯಕಗಳು ಜೊತೆಯಾಗಿ ನಿಲ್ಲವು. ಮೇ ಮಸ್ಟ್ ಎನ್ನುವಂತಿಲ್ಲ, ಮೇ ಹ್ಯಾವ್ ಟು ಎನ್ನಬೇಕು. ಅದೇ ರೀತಿ ‘ಕಟ್ಟಬಲ್ಲವನಾಗುವನು’ ಎಂಬಲ್ಲಿ ವಿಲ್ ಕ್ಯಾನ್ ಅಲ್ಲ, ವಿಲ್ ಬಿ ಏಬಲ್ ಟು.

ಅಭ್ಯಾಸಕ್ಕೆ ಇದರಿಂದ ಒಂದು ಸರಳವಾದ ಕ್ರಮ ದೊರೆಯುತ್ತದೆ. ದಿನಕ್ಕೆ ಒಂದೇ ಕನ್ನಡ ಕ್ರಿಯಾಪದವನ್ನು ತೆಗೆದುಕೊಂಡು, ಅದನ್ನು ‘ಬಲ್ಲ, ಲಾರ, ಬಹುದು, ಕೂಡದು, ಬೇಕು, ಬೇಕಾಗಿಲ್ಲ, ಬೇಕಾಯಿತು, ಬೇಕಾಗಿತ್ತು, ಇರಬೇಕು, ಇರಲಾರ’ ಎಂಬ ಹತ್ತು ರೂಪಗಳಲ್ಲಿ ಬರೆದು, ಪ್ರತಿಯೊಂದನ್ನೂ ಇಂಗ್ಲಿಷಿಗೆ ತಿರುಗಿಸಬೇಕು. ಮರುದಿನ ಕನ್ನಡವನ್ನು ಮುಚ್ಚಿ, ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಬೇಕು. ಮರಳಿದ ವಾಕ್ಯ ಹೊರಟ ವಾಕ್ಯದೊಡನೆ ಕೂಡದಿದ್ದರೆ ತಪ್ಪು ಎಲ್ಲಿದೆಯೆಂಬುದು ತಾನಾಗಿಯೇ ಗೋಚರವಾಗುತ್ತದೆ.

೫

ಇಷ್ಟು ಶ್ರಮಕ್ಕೆ ತಕ್ಕ ಫಲವೇನು ಎಂದು ಕೇಳುವವರಿಗೆ ಕಾನೂನಿನ ಭಾಷೆ ಉತ್ತರ ಕೊಡುತ್ತದೆ. ೧೮೭೨ರ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ ೪ನೆಯ ಕಲಮಿನಲ್ಲಿ ಮೇ ಪ್ರಿಸ್ಯೂಮ್ ಮತ್ತು ಶಲ್ ಪ್ರಿಸ್ಯೂಮ್ ಎಂಬ ಎರಡು ಮಾತುಗಳನ್ನು ಬಿಡಿಸಿ ಹೇಳಿತ್ತು. ಮೊದಲನೆಯದರಲ್ಲಿ ನ್ಯಾಯಾಲಯವು ಒಂದು ಸಂಗತಿಯನ್ನು ಸಿದ್ಧವೆಂದು ಭಾವಿಸಬಹುದು ಅಥವಾ ಅದಕ್ಕೆ ಪುರಾವೆ ಕೇಳಬಹುದು; ಎರಡನೆಯದರಲ್ಲಿ ಅಸತ್ಯವೆಂದು ಸಿದ್ಧವಾಗುವವರೆಗೆ ಸತ್ಯವೆಂದು ಭಾವಿಸಲೇಬೇಕು. ೨೦೨೩ರ ಹೊಸ ಅಧಿನಿಯಮವು ೨೦೨೪ರ ಜುಲೈ ೧ರಂದು ಅದರ ಸ್ಥಾನಕ್ಕೆ ಬಂದಾಗಲೂ ಈ ಭೇದ ಹಾಗೆಯೇ ಉಳಿಯಿತು. ೧೮೮೧ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ ೩೧ನೆಯ ಕಲಮು, ಗ್ರಾಹಕನ ಹಣ ಸಾಕಷ್ಟಿರುವಾಗ ಕ್ರಮಬದ್ಧವಾಗಿ ಬಂದ ಚೆಕ್ಕಿನ ಹಣವನ್ನು ಬ್ಯಾಂಕು ಕೊಡಲೇಬೇಕೆಂದು ಹೇಳುವಾಗ ಮಸ್ಟ್ ಎಂಬ ಪದವನ್ನೇ ಬಳಸಿದೆ.

ಆದರೆ ಪದವೊಂದರಿಂದಲೇ ಎಲ್ಲವೂ ತೀರ್ಮಾನವಾಗದು. ೧೮೮೦ರಲ್ಲಿ ಆಕ್ಸ್‌ಫರ್ಡಿನ ಬಿಷಪ್ಪರ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಪ್ರಭುಗಳ ಸಭೆಯು, ಅಧಿಕಾರವನ್ನು ಕೊಡುವ ಮಾತು ತನ್ನಷ್ಟಕ್ಕೆ ಬರಿಯ ಅಧಿಕಾರವನ್ನೇ ಕೊಡುತ್ತದೆಂದೂ, ಆ ಅಧಿಕಾರವು ಇತರರ ಹಕ್ಕಿಗಾಗಿ ಕೊಟ್ಟದ್ದಾದರೆ ಅದನ್ನು ಚಲಾಯಿಸುವ ಕರ್ತವ್ಯವೂ ಅದರೊಡನೆ ಕೂಡಿಬರಬಹುದೆಂದೂ ವಿವರಿಸಿತು. ಆ ಮೊಕದ್ದಮೆಯಲ್ಲಿ ಮಾತ್ರ ಬಿಷಪ್ಪರ ವಿವೇಚನೆಯನ್ನೇ ಎತ್ತಿಹಿಡಿಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ೧೯೫೭ರ ಮನಬೋಧನಲಾಲ್ ಶ್ರೀವಾಸ್ತವ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಲೋಕಸೇವಾ ಆಯೋಗದ ಸಲಹೆಯನ್ನು ಪಡೆಯತಕ್ಕದ್ದೆಂಬ ಸಂವಿಧಾನದ ೩೨೦ನೆಯ ಅನುಚ್ಛೇದದ ವಿಧಿಯಲ್ಲಿ ಶಲ್ ಎಂದಿದ್ದರೂ, ಸಲಹೆ ಪಡೆಯದ ಮಾತ್ರಕ್ಕೆ ಸರ್ಕಾರದ ಕ್ರಮ ಅಸಿಂಧುವಾಗದೆಂದು ತೀರ್ಪಿತ್ತಿತು. ಶಲ್‌ನ ಇಂತಹ ಅಸ್ಥಿರತೆಯನ್ನು ತಪ್ಪಿಸಲು ದಕ್ಷಿಣ ಆಫ್ರಿಕದ ೧೯೯೬ರ ಸಂವಿಧಾನವು ಮಸ್ಟ್ ಎಂಬುದನ್ನೇ ಆರಿಸಿಕೊಂಡಿತು.

ಹೊರನಾಡ ಕನ್ನಡಿಗರಿಗೆ ಈ ವಿಚಾರ ಬರಿಯ ಶಾಸ್ತ್ರಜಿಜ್ಞಾಸೆಯಲ್ಲ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯೊಡನೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯು ೩೫೦-ಎ ಮತ್ತು ೩೫೦-ಬಿ ಎಂಬ ಎರಡು ಅನುಚ್ಛೇದಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರಯತ್ನಿಸುವುದು ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಮೊದಲನೆಯದು ಹೇಳುತ್ತದೆ. ಇಲ್ಲಿ ಶಲ್ ಇದೆ, ನಿಜ. ಆದರೆ ಅದು ಆತುಕೊಂಡಿರುವುದು ಪ್ರಯತ್ನಕ್ಕೆ. ಶಾಲೆಯನ್ನು ನಡೆಸತಕ್ಕದ್ದೆಂದಲ್ಲ, ಪ್ರಯತ್ನಿಸತಕ್ಕದ್ದೆಂದು. ಅದೇ ಅನುಚ್ಛೇದವು ರಾಷ್ಟ್ರಪತಿಗಳು ಅಗತ್ಯವೆನಿಸಿದಲ್ಲಿ ರಾಜ್ಯಕ್ಕೆ ನಿರ್ದೇಶನ ಕೊಡುವ ವಿಷಯದಲ್ಲಿ ಮೇ ಎನ್ನುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿ ಇರತಕ್ಕದ್ದೆಂದು ಶಲ್ ಎಂಬ ಪದದಿಂದಲೇ ನೇರವಾಗಿ ವಿಧಿಸುತ್ತದೆ. ಇನ್ನು ೩೦ನೆಯ ಅನುಚ್ಛೇದದಲ್ಲಿ, ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಇರತಕ್ಕದ್ದು ಎಂಬಲ್ಲಿ, ಅದೇ ಶಲ್ ಕರ್ತವ್ಯವನ್ನಲ್ಲ, ಮೂಲಭೂತ ಹಕ್ಕನ್ನು ಸಾರುತ್ತದೆ.

ತನ್ನ ನಗರದ ಕನ್ನಡ ಶಾಲೆಗಾಗಿ ಮನವಿ ಬರೆಯುವ ಸಂಘವು ಈ ಮೂರು ವಿಧಿಗಳನ್ನು ಒಂದೇ ಎಂದು ಭಾವಿಸಿದರೆ, ಪ್ರಯತ್ನಕ್ಕೆ ಮಾತ್ರ ಬದ್ಧರಾದವರಿಂದ ಫಲವನ್ನೇ ಹಕ್ಕೆಂದು ಕೇಳಿದಂತಾಗುತ್ತದೆ. ಅಥವಾ ಹಕ್ಕೆಂದು ಕೇಳಬಹುದಾದಲ್ಲಿ ಕೃಪೆಯನ್ನು ಬೇಡಿದಂತಾಗುತ್ತದೆ. ಸರ್ಕಾರ ಯಾವುದನ್ನು ಮಾಡಲೇಬೇಕು, ಯಾವುದಕ್ಕೆ ಪ್ರಯತ್ನಿಸಬೇಕು, ಯಾವುದನ್ನು ಇಷ್ಟವಿದ್ದರೆ ಮಾಡಬಹುದು, ಯಾವುದನ್ನು ಸಮಾಜ ತಾನೇ ಮಾಡಿಕೊಳ್ಳಬಲ್ಲುದು ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಉತ್ತರಗಳನ್ನು ಸಂವಿಧಾನದ ಇಂಗ್ಲಿಷ್ ಪಾಠದೊಡನೆ ತಾಳೆ ನೋಡಿ, ಅನಂತರ ಮನವಿಯನ್ನು ಸಿದ್ಧಪಡಿಸುವುದು ಲೇಸು.